ಮುಖ ಊದಿಸಿಕೊಳ್ಳುವ ವಂಶ

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಎಕ್ಸ್‌ರೇ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರನಿಗೂ ಅವಳು ಅಕ್ಕನೇ. ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಯಂತ್ರ ಮೂರು ಸಲ ಬದಲಾಗಿತ್ತು, ಅಕ್ಕ ಬದಲಾಗಿರಲಿಲ್ಲ. ಅವಳಿಗೊಂದು ಹೆಮ್ಮೆಯಿತ್ತು, ಅದನ್ನು ಮುಚ್ಚಿಡುವ ಅಭ್ಯಾಸವೂ ಇರಲಿಲ್ಲ. ಅವಳು ತೆಗೆದ ಚಿತ್ರವನ್ನು ಎರಡನೇ ಸಲ ತೆಗೆಯುವ ಪ್ರಶ್ನೆಯೇ ಇಲ್ಲ. ಕೈಕಾಲು ಬಡಿಯುವ ಕೂಸಿರಲಿ, ಕುಡಿದು ಮೆಟ್ಟಿಲಿಂದ ಉರುಳಿ ಬಂದ ಗಂಡಸಿರಲಿ, ಎಲ್ಲ ಒಂದೇ ಸಲಕ್ಕೆ ಮುಗಿಯಬೇಕು. ಜೊತೆಗೆ ಹೋಗುವ ಫಾರಮ್ಮನ್ನೂ ಅವಳೇ ತುಂಬಬೇಕು. ಬೇರೆಯವರ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ ಅನ್ನುವುದು ಅವಳ ದೂರು.

ಅಂಥ ಅಕ್ಕ ಎಡವಿದ್ದು ಚಿತ್ರದಲ್ಲಲ್ಲ, ಆ ಫಾರಮ್ಮಿನಲ್ಲಿ.

ಕೂಸಿಗೆ ನಾಲ್ಕೂವರೆ ತಿಂಗಳು, ಗಂಡು. ಜ್ವರ ಅಂತ ಬಂದದ್ದು. ಆದರೆ ನೋಡಿದವರ ಕಣ್ಣು ಮೊದಲು ಬೀಳುತ್ತಿದ್ದದ್ದು ಅದರ ದವಡೆಯ ಮೇಲೆ. ಎರಡೂ ಕಡೆ ಊದಿಕೊಂಡು, ಬಾಯಲ್ಲಿ ಎರಡು ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಕಾಣುತ್ತಿತ್ತು. ಮುಟ್ಟಿದರೆ ಗಟ್ಟಿ. ಮುಟ್ಟಿದ್ದೇ ತಡ, ಕೂಸು ಕಿಟಾರನೆ ಕಿರುಚಿಕೊಳ್ಳುತ್ತಿತ್ತು. ಅವತ್ತು ಕೂಸನ್ನು ಹಿಡಿದುಕೊಳ್ಳಲು ಒಳಗೆ ಬಂದವಳು ಅದರ ಅಪ್ಪನ ತಾಯಿ. ಅಕ್ಕ ಅವಳ ಹೆಗಲಿಗೆ ಸೀಸದ ಅಂಗಿ ಏರಿಸಿದಳು. ಕಿರಣ ತಾಗದಿರಲೆಂದು ತೊಡಿಸುವ ಆ ಅಂಗಿ ಅರ್ಧ ಮೂಟೆ ಅಕ್ಕಿಯಷ್ಟು ಭಾರ. ಅಜ್ಜಿ ಅದನ್ನು ಹೊತ್ತುಕೊಂಡೂ ಮಾತು ನಿಲ್ಲಿಸಲಿಲ್ಲ. ಸೊಸೆ ಹೆದರುಪುಕ್ಕಲಿ, ಅವಳು ಹಟ ಹಿಡಿದಳು ಅಂತ ಬಂದದ್ದು, ಇಲ್ಲದಿದ್ದರೆ ಜ್ವರಕ್ಕೆಲ್ಲ ಯಾರು ಇಷ್ಟು ದೂರ ಬರುತ್ತಾರೆ ಅಂತ ಅವಳ ವಾದ.

ಚಿತ್ರ ಮುಗಿದ ಮೇಲೆ ಅಕ್ಕ ಫಾರಮ್ಮಿನ ಕೊನೆಯ ಸಾಲಿಗೆ ಬಂದಳು.

"ಅಜ್ಜಿ, ನಿಮ್ಮ ವಂಶದಲ್ಲಿ ಯಾರಿಗಾದ್ರೂ ಮೂಳೆ ಕಾಯಿಲೆ ಇತ್ತಾ?"

"ಕಾಯಿಲೆನಾ? ಕಲ್ಲು ತಿಂದು ಕಲ್ಲು ಕರಗಿಸೋ ವಂಶ ಕಣಮ್ಮ ನಮ್ದು. ಮಕ್ಕಳಾಗಿದ್ದಾಗ ಒಂದು ವರ್ಷ ಮುಖ ಊದಿಸ್ಕೊಂಡಿರ್ತವೆ, ಅಷ್ಟೇ."

"ಒಂದೇ ವರ್ಷನಾ? ನಮ್ಮನೇಲಿ ಒಬ್ರು ಮದುವೆ ಆದಾಗಿಂದ ಊದಿಸ್ಕೊಂಡೇ ಇದಾರೆ," ಅಂದಳು ಅಕ್ಕ.

ಇಬ್ಬರೂ ನಕ್ಕರು. ಅಕ್ಕ ತನ್ನ ಗುಂಡು ಅಕ್ಷರದಲ್ಲಿ 'ಇಲ್ಲ' ಅಂತ ಬರೆದಳು. ಫಾರಂ ಮೇಲಕ್ಕೆ ಹೋಯಿತು, ಅಜ್ಜಿಯ ಮಾತು ಅಲ್ಲೇ ಉಳಿಯಿತು.

ಆಮೇಲೆ ಆರು ದಿನ ಔಷಧ ನಡೆಯಿತು. ಮೂಳೆಯಲ್ಲಿ ಕೀವಾಗಿದೆ ಅಂದುಕೊಂಡು ನರದೊಳಗೆ ಹಾಕುವ ದೊಡ್ಡ ಔಷಧವನ್ನೇ ಕೊಟ್ಟರು. ರಕ್ತದಲ್ಲಿ ಕ್ರಿಮಿಯ ಸುಳಿವು ಸಿಗಲಿಲ್ಲ. ಊತ ಇಳಿಯಲಿಲ್ಲ. ಚಿತ್ರದಲ್ಲಿ ದವಡೆಯ ಮೂಳೆ ಎಷ್ಟಿರಬೇಕೋ ಅದರ ಎರಡರಷ್ಟು ದಪ್ಪವಾಗಿ ಕಾಣುತ್ತಿತ್ತು. ಕೀವಲ್ಲದಿದ್ದರೆ ಇನ್ನೇನು? ಆ ಪ್ರಶ್ನೆಗೆ ವೈದ್ಯರ ಹತ್ತಿರ ಇದ್ದ ಮುಂದಿನ ಉತ್ತರವನ್ನು ಯಾರೂ ಆ ತಾಯಿಯ ಎದುರು ಬಾಯಿಬಿಟ್ಟು ಹೇಳಲಿಲ್ಲ. ಗಡ್ಡೆ ಅಂತಷ್ಟೇ ಅಂದರು. ಯಾವ ಗಡ್ಡೆ ಅಂತ ತಿಳಿಯಬೇಕಾದರೆ ದವಡೆ ಕುಯ್ದು ಮೂಳೆಯ ಚೂರು ತೆಗೆಯಬೇಕು ಅಂದರು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಸಮಯ ಗೊತ್ತಾಯಿತು.

ಕುಯ್ಯಬೇಕಾದವರು ಆಸ್ಪತ್ರೆಯ ಹಿರಿಯ ಸರ್ಜನ್. ಬೆನ್ನ ಹಿಂದೆ ಎಲ್ಲರೂ ಅವರನ್ನು ಕತ್ತರಿ ಡಾಕ್ಟರು ಅನ್ನುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಒರಟು ಮನುಷ್ಯ, ಆದರೆ ಸುಮ್ಮನೆ ಚಾಕು ಎತ್ತುವವರಲ್ಲ. ಅಷ್ಟು ಎಳೆಯ ದವಡೆಯಲ್ಲಿ ಹಲ್ಲಿನ ಮೊಳಕೆಗಳಿರುತ್ತವೆ, ತುಟಿಯನ್ನಾಡಿಸುವ ನರ ಅಲ್ಲೇ ಹಾದು ಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದು ಅಂತ ಅವರೇ ಕೂರಿಸಿ ಹೇಳಿದ್ದರು. ಕೂಸಿನ ಅಪ್ಪ ಬೀಗ ರಿಪೇರಿಯವನು. ಕಾಗದಕ್ಕೆ ಸಹಿ ಹಾಕುವ ಮುಂಚೆ ಅವನೊಂದು ಮಾತು ಕೇಳಿದ್ದನಂತೆ. "ಸರ್, ನಾವು ಬೀಗ ಒಡೆಯೋದು ಬೀಗದ ಕೈ ಎಲ್ಲೂ ಇಲ್ಲ ಅಂತ ಗ್ಯಾರಂಟಿ ಆದ್ಮೇಲೆ. ನೀವು ಪೂರ್ತಿ ಹುಡುಕಿದೀರಾ?" ಹುಡುಕಿದ್ದೇವೆ ಅಂತ ಡಾಕ್ಟರು ಹೇಳಿದರು. ಅವರು ಸುಳ್ಳು ಹೇಳಲಿಲ್ಲ, ಅಕ್ಕನ ಫಾರಂ ಅವರ ಮುಂದೆಯೇ ಇತ್ತು.

ಆಪರೇಷನ್ನಿಗೆ ಮುಂಚೆ ಎದೆಯ ಚಿತ್ರ ಬೇಕು ಅಂತ ಮಧ್ಯಾಹ್ನ ಕೂಸನ್ನು ಮತ್ತೆ ಕೆಳಗೆ ಕಳಿಸಿದರು. ಸೊಸೆ ಮೇಲೆ ವಾರ್ಡಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮತ್ತೆ ಅಜ್ಜಿಯೇ ಬಂದಳು. ಈ ಸಲ ಅವಳ ಬಾಯಿಗೆ ಬೀಗ ಬಿದ್ದಿತ್ತು. ಅಕ್ಕನಿಗೆ ಸಂಕಟವಾಯಿತು. ಮಾತಾಡುವವರು ಮಾತು ಬಿಟ್ಟರೆ ಕೋಣೆಯೇ ತಣ್ಣಗಾಗುತ್ತದೆ.

ವಾರ್ಡಿನ ಗಾಳಿಗೆ ಅಂತ ಕೂಸಿಗೆ ಟೋಪಿ ಹಾಕಿದ್ದರು. ಹಳೆಯ ಬಿಳಿ ಬಟ್ಟೆಯ ಟೋಪಿ, ಗದ್ದದ ಕೆಳಗೆ ಕಟ್ಟುವ ಲಾಡಿ. ಅಕ್ಕನ ಪದ್ಧತಿಯೊಂದಿತ್ತು: ಚಿತ್ರದ ಜಾಗಕ್ಕೆ ನೂಲೆಳೆಯೂ ಬೀಳಬಾರದು. ಗುಂಡಿ, ಪಿನ್ನು, ದಾರ, ಲಾಡಿ, ಎಲ್ಲವನ್ನೂ ಅವಳು ತನ್ನ ಕೈಯಾರೆ ತೆಗೆದು ಪಕ್ಕದ ಟ್ರೇಯಲ್ಲಿ ಇಡಬೇಕು. ಲಾಡಿಯ ತುದಿ ಹೆಗಲಿಗೆ ಸೇರುವ ಕತ್ತಿನ ಮೂಳೆಯ ಮೇಲೆ ಬಿದ್ದಿತ್ತು. ಗಂಟು ಬಿಚ್ಚಿ, ಊದಿದ ದವಡೆಗೆ ತಾಗದ ಹಾಗೆ ಟೋಪಿ ಎಳೆದಳು. ಟ್ರೇಗೆ ಹಾಕುವಾಗ ಲಾಡಿಯ ಮೇಲೆ ಕಣ್ಣು ಹೋಯಿತು. ಬಿಳಿ ಲಾಡಿಯ ಎರಡೂ ತುದಿಗೆ ಕೆಂಪು ಪಟ್ಟಿಯ ತುಂಡು ಸೇರಿಸಿ ಹೊಲಿದಿತ್ತು. ಒಂದೊಂದು ತುಂಡು ಬೆರಳುದ್ದ. ಹೊಲಿಗೆ ಹಳೆಯದು, ಕೆಂಪು ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು.

ಸುಮ್ಮನೆ ಅಜ್ಜಿಯನ್ನು ಮಾತಿಗೆಳೆಯಲೆಂದು ಅಕ್ಕ ಕೇಳಿದಳು, ಚಂದಕ್ಕೆ ಹಾಕಿದ್ದಾ ಇದು ಅಂತ.

"ಚಂದಕ್ಕೆಲ್ಲಿ. ಇವರಪ್ಪಂದು ಅದು. ಅವನೂ ಹಿಂಗೇ ಮುಖ ಊದಿಸ್ಕೊಂಡಿದ್ನಲ್ಲ, ಲಾಡಿ ಗದ್ದಕ್ಕೆ ಸಾಲಲಿಲ್ಲ. ಅದಕ್ಕೇ ಪಟ್ಟಿ ಸೇರಿಸ್ದೆ."

ಅಕ್ಕನ ಕೈ ಅಲ್ಲೇ ನಿಂತಿತು. ಅವಳ ಗಂಡ ಮುಖ ಊದಿಸಿಕೊಂಡರೆ ಊಟ ಬಿಡುತ್ತಾನೆ, ಬಾಗಿಲು ಧಡಾರನೆ ಹಾಕುತ್ತಾನೆ, ಎರಡು ದಿನ ಮೌನವ್ರತ ಮಾಡುತ್ತಾನೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಒಂದು ದಿನವೂ ಅವನ ಅಂಗಿಯ ಕಾಲರು ಬಿಗಿಯಾದದ್ದಿಲ್ಲ.

"ಅಜ್ಜಿ," ಅಂದಳು ನಿಧಾನವಾಗಿ. "ಲಾಡಿ ಸಾಲಲಿಲ್ಲ ಅಂದ್ರೆ? ನಿಜವಾಗ್ಲೂ ಊದಿತ್ತಾ?"

"ಮತ್ತೆ? ಸುಳ್ಳುಸುಳ್ಳೇ ಊದುತ್ತಾ? ಕಲ್ಲಿನ ಹಂಗೆ ಗಟ್ಟಿ. ಮುಟ್ಟಿದ್ರೆ ಆಕಾಶ ಭೂಮಿ ಒಂದು ಮಾಡ್ತಿದ್ದ. ಕೋಪಿಷ್ಠ ವಂಶ ಅಲ್ವಾ, ಕೋಪ ಎಲ್ಲ ಗದ್ದಕ್ಕೇ ಇಳಿಯುತ್ತೆ. ಇವರ ತಾತನೂ ಹಿಂಗೇ ಇದ್ದರಂತೆ, ನಮ್ಮತ್ತೆ ಹೇಳೋರು. ನಡೆಯೋ ಹೊತ್ತಿಗೆ ತಾನೇ ಇಳಿದು ಹೋಗುತ್ತೆ."

"ಮತ್ತೆ ಇದನ್ನ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ?"

ಅಜ್ಜಿ ಅವಳನ್ನೇ ನೋಡಿದಳು. "ನಿನಗೆ ಮೊದಲ ದಿನವೇ ಹೇಳಿದ್ನಲ್ಲಮ್ಮ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಅಕ್ಕನಿಗೆ ಅಂಗೈಯನ್ನೇ ನೋಡಲು ಏಳು ದಿನ ಹಿಡಿದಿತ್ತು. ಕಿವಿಯವರೆಗೂ ಬಿಸಿಯಾಯಿತು. ಆದರೂ ಕೆಲಸ ಕೆಲಸವೇ. ಕೂಸನ್ನು ಸರಿಯಾಗಿ ಮಲಗಿಸಿದಳು, ಅದರ ಎರಡೂ ಕೈ ಮೇಲಕ್ಕೆ ಹಿಡಿದುಕೊಳ್ಳಲು ಅಜ್ಜಿಗೆ ಹೇಳಿದಳು, ಗಾಜಿನ ಹಿಂದೆ ಹೋಗಿ ಕೂಸು ಉಸಿರೆಳೆಯುವ ಕ್ಷಣಕ್ಕೆ ಕಾದು ಗುಂಡಿ ಒತ್ತಿದಳು. ಪರದೆಯ ಮೇಲೆ ಚಿತ್ರ ಬಂತು. ಶ್ವಾಸಕೋಶ ಶುಭ್ರವಾಗಿತ್ತು. ಆದರೆ ಎಡಗಡೆಯ ಕತ್ತಿನ ಮೂಳೆ ಬಲಗಡೆಯದಕ್ಕಿಂತ ದಪ್ಪವಾಗಿತ್ತು, ಅದರ ಸುತ್ತ ತೆಳ್ಳಗೆ ಇನ್ನೊಂದು ಗೆರೆ ಓಡಿತ್ತು. ಮೂರು ಪಕ್ಕೆಲುಬಿನ ಮೇಲೂ ಅದೇ ಗೆರೆ. ಮೂಳೆಗೆ ಮೂಳೆಯದೇ ಹೊದಿಕೆ ಹೊದಿಸಿದ ಹಾಗೆ.

ಅವಳು ಚಿತ್ರ ತೆಗೆಯುವವಳು, ಓದುವವಳಲ್ಲ. ಆಸ್ಪತ್ರೆಯ ನಿಯಮ ಹಾಗೆ ಹೇಳುತ್ತದೆ, ನಿಯಮ ಒಳ್ಳೆಯದೇ. ಆದರೆ ಕೇಳಿದ್ದನ್ನು ತಪ್ಪಾಗಿ ಬರೆದವಳು ಅದನ್ನು ತಿದ್ದಬಾರದು ಅಂತ ಯಾವ ನಿಯಮವೂ ಇಲ್ಲ. ಅಕ್ಕ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡೇ ಎರಡು ಮಹಡಿ ಹತ್ತಿದಳು.

ಮಕ್ಕಳ ಡಾಕ್ಟರು ಊಟದ ಡಬ್ಬಿ ಬಿಚ್ಚುತ್ತಿದ್ದಳು. ಚಿಕ್ಕ ವಯಸ್ಸಿನವಳು. ಓದುವ ಕಾಲದಲ್ಲಿ ಚಿತ್ರವನ್ನು ತಲೆಕೆಳಗಾಗಿ ಹಿಡಿದು ಅಕ್ಕನಿಂದ ಬೈಸಿಕೊಂಡಿದ್ದಳು, ಅದನ್ನು ತಾನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದಳು. ಅಕ್ಕ ಏದುಸಿರು ಬಿಡುತ್ತಲೇ ಟೋಪಿಯನ್ನು ಮೇಜಿನ ಮೇಲಿಟ್ಟು, ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಡಾಕ್ಟರು ಮೊದಲು ಟೋಪಿ ನೋಡಿದಳು, ಆಮೇಲೆ ಕಂಪ್ಯೂಟರಿನಲ್ಲಿ ಎದೆಯ ಚಿತ್ರ ತೆರೆದಳು. ಡಬ್ಬಿಯ ಮುಚ್ಚಳ ಮತ್ತೆ ಹಾಕಿದಳು. ಇವಳು ಕೈಯಲ್ಲಿದ್ದ ಊಟ ಬಿಡುವ ಪೈಕಿಯಲ್ಲ ಅಂತ ಅಕ್ಕನಿಗೆ ಗೊತ್ತಿತ್ತು. ಅಲ್ಲಿಗೇ ಅರ್ಧ ಧೈರ್ಯ ಬಂತು.

ಕೂಸಿನ ಮುಂಗೈ ಮತ್ತು ಮೊಣಕಾಲಿನ ಕೆಳಗಿನ ಮೂಳೆಗಳ ಚಿತ್ರ ಬೇಕು ಅಂದಳು ಡಾಕ್ಟರು. ಅಕ್ಕ ತೆಗೆದುಕೊಟ್ಟಳು, ಒಂದೇ ಸಲಕ್ಕೆ. ಬಲ ಮುಂಗೈಯ ಮೂಳೆಯ ನಡುಭಾಗಕ್ಕೂ ಅದೇ ಹೊದಿಕೆ ಇತ್ತು. ಎರಡೂ ತುದಿ ಮಾತ್ರ ಶುಭ್ರ. ಡಾಕ್ಟರು ಕಪಾಟಿನಿಂದ ಇಟ್ಟಿಗೆ ದಪ್ಪದ ಪುಸ್ತಕ ಎಳೆದು, ಬೆರಳಿಟ್ಟು ಓದಿದಳು. ಐದು ತಿಂಗಳಿಗೆ ಮುಂಚೆ ಶುರುವಾಗುವುದು, ಜ್ವರ, ಮುಟ್ಟಿದರೆ ಕಿರುಚಾಟ, ದವಡೆ, ಕತ್ತಿನ ಮೂಳೆ, ಪಕ್ಕೆಲುಬು. ಒಂದೊಂದು ಸಾಲಿಗೂ ತಲೆಯಾಡಿಸಿದಳು. ಕ್ಯಾಫಿ ಕಾಯಿಲೆ ಅಂತ ಅದರ ಹೆಸರು. ಲಕ್ಷದಲ್ಲೊಬ್ಬರಿಗೂ ಬರುತ್ತದೋ ಇಲ್ಲವೋ. ವಂಶದಲ್ಲಿ ಹರಿದು ಬರುತ್ತದೆ, ಒಬ್ಬರನ್ನು ಹಿಡಿದು ಒಬ್ಬರನ್ನು ಬಿಡುತ್ತದೆ. ಮೂಳೆಯ ಮೇಲಿನ ಪೊರೆ ಕೆರಳಿ, ಬೇಡದ ಮೂಳೆಯನ್ನು ಕಟ್ಟುತ್ತಾ ಹೋಗುತ್ತದೆ. ಎರಡು ವರ್ಷ ತುಂಬುವುದರೊಳಗೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ಕರಗಿ ಹೋಗುತ್ತದೆ. ಕುಯ್ಯಬೇಕಾಗಿಲ್ಲ.

ಆಮೇಲೆ ಇಬ್ಬರೂ ವಾರ್ಡಿಗೆ ಹೋಗಿ ಅಜ್ಜಿಯನ್ನು ಮತ್ತೆ ಕೇಳಿದರು. ಈ ಸಲ ಕಾಯಿಲೆ ಅನ್ನುವ ಪದವನ್ನೇ ಎತ್ತಲಿಲ್ಲ. ಯಾರ್ಯಾರು ಮುಖ ಊದಿಸಿಕೊಂಡಿದ್ದರು, ಯಾವ ತಿಂಗಳಲ್ಲಿ ಶುರು, ಯಾವಾಗ ಇಳಿಯಿತು ಅಂತ ಕೇಳಿದರು. ಕೀಲಿ ಕೊಟ್ಟ ಗೊಂಬೆಯ ಹಾಗೆ ಅಜ್ಜಿಯ ಬಾಯಿ ತೆರೆಯಿತು. ತನ್ನ ಗಂಡ, ಗಂಡನ ಅಕ್ಕ, ಆ ಅಕ್ಕನ ಇಬ್ಬರು ಮಕ್ಕಳಲ್ಲಿ ಒಬ್ಬ, ಮತ್ತೆ ತನ್ನ ಮಗ. ಮಗಳು ಮಾತ್ರ ಶಾಂತ ಸ್ವಭಾವದವಳು, ಅವಳಿಗೆ ಊದಲಿಲ್ಲ. ಡಾಕ್ಟರು ಬರೆದುಕೊಂಡ ಕಾಗದದಲ್ಲಿ ಮೂರು ತಲೆಮಾರು ಮರದ ಹಾಗೆ ಹರಡಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಸೊಸೆ ಅತ್ತೆಯ ಕಡೆ ತಿರುಗಿದಳು. ದೊಡ್ಡ ಆಸ್ಪತ್ರೆಯವರು ಗಡ್ಡೆ ಅಂದಮೇಲೆ ಇದು ಬೇರೆಯೇ ಏನೋ ದೊಡ್ಡದು ಅಂದುಕೊಂಡೆ, ಮನೆಯ ಕೋಪದ ಕಥೆಯನ್ನು ಅವರಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಅಂದಳು ಅಜ್ಜಿ.

ಉಳಿದದ್ದು ಕತ್ತರಿ ಡಾಕ್ಟರು. ಚಿತ್ರಗಳನ್ನು ಅವರು ಒಂದೊಂದಾಗಿ ನೋಡಿದರು. ವಂಶದ ಕಾಗದ ನೋಡಿದರು. ಮೊದಲೇ ಮಾಡಿಸಿದ್ದ ಮೂತ್ರದ ಪರೀಕ್ಷೆಯಲ್ಲಿ ಒಂದು ಬಗೆಯ ಗಡ್ಡೆಯ ಗುರುತಿಲ್ಲ ಅನ್ನುವ ವರದಿಯನ್ನೂ ಇನ್ನೊಮ್ಮೆ ತರಿಸಿಕೊಂಡರು. ಕೊನೆಗೆ ಹಳೆಯ ಫಾರಂ ಎತ್ತಿ, ಕನ್ನಡಕ ಹಣೆಗೇರಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇಲ್ಲಿ 'ಇಲ್ಲ' ಅಂತಿದೆ. ಯಾರ ಅಕ್ಷರ ಇದು?"

ಮಕ್ಕಳ ಡಾಕ್ಟರು ಏನೋ ಹೇಳಲು ಹೊರಟಳು. ಅಕ್ಕ ಬಿಡಲಿಲ್ಲ.

"ನಂದೇ ಸರ್. ಅವರು 'ಹೌದು' ಅಂತಲೇ ಹೇಳಿದ್ರು. ನಾನು ನಗಾಡಿಬಿಟ್ಟು 'ಇಲ್ಲ' ಅಂತ ಬರೆದೆ."

ಮುಖ ಊದಿಸಿಕೊಳ್ಳುವ ಮಾತನ್ನು ಅವರಿಗೂ ವಿವರಿಸಬೇಕಾಯಿತು. ಅವರು ಕೇಳಿಸಿಕೊಂಡು ಫಾರಂ ಕೆಳಗಿಟ್ಟರು. ಬೈಗುಳಕ್ಕೆ ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಳು. ಬೈಗುಳ ಬರಲಿಲ್ಲ.

"ಗಡ್ಡೆ ಅನ್ನೋಕೆ ಮುಂಚೆ ನಾನೂ ಆ ಅಜ್ಜಿನ ಕೇಳಿದ್ದೆ," ಅಂದರು. "ನನಗೂ ಅದೇ ಹೇಳಿದ್ರು. ನಾನು ನಗಲೂ ಇಲ್ಲ, ಬರೀಲೂ ಇಲ್ಲ. ನೀವು ನಕ್ಕಿದ್ದಕ್ಕೆ ಇವತ್ತು ನಿಮಗೆ ನೆನಪಾದ್ರೂ ಆಯ್ತು."

ಪೆನ್ನು ತೆಗೆದು ಮರುದಿನದ ಪಟ್ಟಿಯಲ್ಲಿ ಒಂಬತ್ತು ಗಂಟೆಯ ಸಾಲಿನ ಮೇಲೆ ಅಡ್ಡ ಗೆರೆ ಎಳೆದರು. ಕೂಸಿನದೂ ಅಪ್ಪನದೂ ರಕ್ತ ದೊಡ್ಡ ಪ್ರಯೋಗಾಲಯಕ್ಕೆ ಹೋಗಲಿ, ಅಲ್ಲಿಂದ ಗಟ್ಟಿ ಉತ್ತರ ಬರಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಎರಡು ವಾರಕ್ಕೊಮ್ಮೆ ಕೂಸನ್ನು ನೋಡೋಣ, ಚಾಕು ಡಬ್ಬಿಯಲ್ಲೇ ಇರಲಿ ಅಂದರು. ಆ ಬೀಗದವನಿಗೆ ಬೀಗದ ಕೈ ಸಿಕ್ಕಿತು ಅಂತ ನಾನೇ ಹೇಳುತ್ತೇನೆ ಅಂತ ಎದ್ದೇಬಿಟ್ಟರು. ಕತ್ತರಿ ಡಾಕ್ಟರು ಓಡಾಟಕ್ಕೆ ಲಿಫ್ಟು ಬಿಟ್ಟು ಮೆಟ್ಟಿಲು ಹಿಡಿದದ್ದನ್ನು ಅಕ್ಕ ಅವತ್ತೇ ಮೊದಲು ನೋಡಿದ್ದು. ಅವಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ವಾರ್ಡಿನಲ್ಲಿ ಮಕ್ಕಳ ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದಳು. ಕುಯ್ಯುವುದಿಲ್ಲ ಅಂದ ಕೂಡಲೇ ತಾಯಿ ಕೂಸನ್ನೆತ್ತಿ ಎದೆಗಪ್ಪಿಕೊಂಡು ಅತ್ತಳು, ಆಮೇಲೆ ನಕ್ಕಳು, ಎರಡೂ ಒಟ್ಟಿಗೆ ನಡೆದವು. ಬೀಗದವನು ಡಾಕ್ಟರಿಗೆ ಕೈಮುಗಿದ, ಅಕ್ಕನಿಗೂ ಮುಗಿದ. ಡಾಕ್ಟರು ಮಾತು ಮುಂದುವರಿಸಿದಳು. ಇದು ಕೋಪವಲ್ಲ, ನೋವು. ಮೂಳೆಯ ಪೊರೆ ಹಿಗ್ಗುವಾಗ ತುಂಬಾ ನೋಯುತ್ತದೆ, ಅದಕ್ಕೇ ಕೂಸು ಮುಟ್ಟಿಸಿಕೊಳ್ಳುವುದಿಲ್ಲ, ಹಾಲು ಚೀಪುವುದಿಲ್ಲ. ಇನ್ನು ಮೇಲೆ ನೋವಿಗೆ ಔಷಧ ಕೊಡುತ್ತೇನೆ, ಅಳು ಅರ್ಧ ಕಡಿಮೆಯಾಗುತ್ತದೆ, ನೀವೇ ನೋಡುತ್ತೀರಿ ಅಂದಳು. ಎಲ್ಲರ ಮುಖವೂ ಅರಳಿತು. ಅಜ್ಜಿ ಮಾತ್ರ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಳು. ಯಾರೂ ಗಮನಿಸಲಿಲ್ಲ, ಅಕ್ಕ ಗಮನಿಸಿದಳು.

ಕೆಳಗೆ ಬಂದು ಅಕ್ಕ ಮೊದಲು ಮಾಡಿದ ಕೆಲಸ ಫಾರಮ್ಮಿನದು. 'ಇಲ್ಲ' ಅನ್ನುವುದರ ಮೇಲೆ ಗೆರೆ ಎಳೆದು 'ಇದೆ, ಮೂರು ತಲೆಮಾರು' ಅಂತ ಬರೆದು, ಪಕ್ಕದಲ್ಲಿ ಸಹಿ ಹಾಕಿದಳು. ಗುಂಡು ಅಕ್ಷರದ ಫಾರಮ್ಮಿನಲ್ಲಿ ಹೊಡೆದು ಹಾಕಿದ ಮೊದಲ ಪದ ಅದು. ಸುಂದರವಾಗಿಯೇನೂ ಕಾಣಲಿಲ್ಲ, ಆದರೆ ಅವಳಿಗೆ ನಾಚಿಕೆಯೂ ಆಗಲಿಲ್ಲ. ಆಮೇಲೆ ಟೋಪಿ ಇನ್ನೂ ತನ್ನ ಹತ್ತಿರವೇ ಇದೆ ಅಂತ ನೆನಪಾಗಿ ಮತ್ತೆ ಮೇಲೆ ಹೊರಟಳು.

ವಾರ್ಡಿನ ಹೊರಗೆ ಕಿಟಕಿಯ ಪಕ್ಕ ಒಂದು ಬೆಂಚಿತ್ತು. ಅಲ್ಲಿ ಅಜ್ಜಿಯೂ ಅವಳ ಮಗನೂ ಕೂತಿದ್ದರು. ಮಗ ಆಳೆತ್ತರದ ಗಂಡಸು, ಎರಡು ದಿನದ ಗಡ್ಡ, ಬೆರಳ ಸಂದಿಯಲ್ಲಿ ಎಣ್ಣೆಯ ಕಪ್ಪು. ಸಂತೋಷದಲ್ಲಿ ಯಾರಿಗೋ ಫೋನು ಮಾಡಿ ಆಗ ತಾನೆ ಮುಗಿಸಿದ್ದ. ಅಕ್ಕ ಕಂಬದ ಹತ್ತಿರ ನಿಂತಳು, ಯಾಕೆಂದರೆ ಅಜ್ಜಿ ಮಾತಾಡುತ್ತಿದ್ದಳು, ಮತ್ತು ಅದು ಅವಳ ಎಂದಿನ ಮಾತಿನ ಹಾಗಿರಲಿಲ್ಲ.

ಅವನಿಗೆ ಐದು ತಿಂಗಳಿದ್ದಾಗ ರಾತ್ರಿ ಹಗಲು ಅಳುತ್ತಿದ್ದನಂತೆ. ಎತ್ತಿಕೊಂಡರೆ ಇನ್ನೂ ಜಾಸ್ತಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಅತ್ತೆ ಹೇಳಿದರಂತೆ. ಈ ವಂಶದ ಕೋಪವನ್ನು ಈಗಲೇ ಮುರಿಯಬೇಕು, ಒಳಗಿನ ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕು, ಅತ್ತು ಅತ್ತು ಬುದ್ಧಿ ಬರುತ್ತೆ ಅಂದರಂತೆ. ಅವಳು ಬಾಗಿಲು ಹಾಕಿದಳು. ಒಂದು ದಿನವಲ್ಲ.

"ನಾನು ಕೋಪ ಅಂದ್ಕೊಂಡೆ ಕಣೋ," ಅಂದಳು.

"ಬಿಡಮ್ಮ, ಎಲ್ಲರೂ ಹಂಗೇ ಅಂದ್ಕೊಂಡ್ರು. ಡಾಕ್ಟ್ರಿಗೇ ಗೊತ್ತಾಗ್ಲಿಲ್ಲ."

ಅಜ್ಜಿ ಕೈಯೆತ್ತಿ ಅವನ ದವಡೆಯ ಮೇಲಿಟ್ಟಳು. ಕೂಸಿನ ದವಡೆ ಮುಟ್ಟುವಾಗ ಇಡುವ ಹಾಗೆ, ಭಾರ ಬೀಳದ ಹಾಗೆ ಇಟ್ಟಳು. ಮೂವತ್ತೆರಡು ವರ್ಷದ ಆ ದವಡೆಯಲ್ಲಿ ಊತವೂ ಇರಲಿಲ್ಲ, ಗುರುತೂ ಇರಲಿಲ್ಲ.

"ತುಂಬಾ ನೋಯ್ತಿತ್ತೇನೋ ಮಗನೇ?"

ಅವನು ನಕ್ಕುಬಿಟ್ಟ. "ಐದು ತಿಂಗಳ ಮಗುಗೆ ಏನು ನೆನಪಿರುತ್ತಮ್ಮ? ನನಗೇನೂ ನೆನಪಿಲ್ಲ."

"ನನಗಿದೆ," ಅಂದಳು ಅಜ್ಜಿ.

ಒಳಗೆ ಕೂಸು ಅಳಲು ಶುರು ಮಾಡಿತು. ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಗನಿಗಿಂತ ಮುಂಚೆ, ಸೊಸೆ ಕರೆಯುವುದಕ್ಕಿಂತಲೂ ಮುಂಚೆ ಎದ್ದಳು. ಕಂಬದ ಹತ್ತಿರ ನಿಂತಿದ್ದ ಅಕ್ಕನ ಕೈಯಿಂದ ಟೋಪಿ ತೆಗೆದುಕೊಂಡಳು, ಒಳಗೆ ಹೋದಳು. ವಾರ್ಡಿನ ಬಾಗಿಲು ಸ್ಪ್ರಿಂಗಿನದು, ತಾನಾಗಿಯೇ ಮುಚ್ಚಿಕೊಳ್ಳುವಂಥದ್ದು. ಅಜ್ಜಿ ಎರಡು ಹೆಜ್ಜೆ ಒಳಗಿಟ್ಟವಳು ಹಿಂದಿರುಗಿ ಬಂದು, ಅಲ್ಲಿದ್ದ ಸ್ಟೂಲನ್ನು ಎಳೆದು, ಬಾಗಿಲು ಮುಚ್ಚದ ಹಾಗೆ ಅಡ್ಡ ಇಟ್ಟಳು.